ತಗ್ಗಿನ ಬಾವಿ ಕೇಳಿ ಮುಗಿಸುವವರೆಗೆ

ನಮ್ಮೂರಲ್ಲಿ ಬಾವಿಗೆ ಹೇಳದ ಮಾತು ನಿಲ್ಲುವುದಿಲ್ಲ. ಎಮ್ಮೆ ಮಾರಿದವನೂ ಕೊಂಡವನೂ ದಿಬ್ಬದ ಮೇಲಿನ ಬಾವಿಗೆ ಹೋಗಿ, ಕಟ್ಟೆಗೆ ಎದೆಯಾನಿಸಿ ಬಗ್ಗಿ, ಕೊಟ್ಟೆ ಎಂದು ಒಬ್ಬ, ತಗೊಂಡೆ ಎಂದು ಇನ್ನೊಬ್ಬ ಹೇಳಬೇಕು. ಮದುವೆಯಾದವರೂ ಹಾಗೇ. ಹೇಳಿದ ಮಾತು ನೀರಿಗೆ ಬಿದ್ದು, ನೆಲದೊಳಗೆ ಇಳಿದು, ತಗ್ಗಿನಲ್ಲಿರುವ ಇನ್ನೊಂದು ಬಾವಿಯಲ್ಲಿ ಅದೇ ದನಿಯಲ್ಲಿ, ಹೇಳಿದ ಕ್ರಮದಲ್ಲೇ ಏಳುತ್ತದೆ. ಆಮೇಲೆ ಯಾವಾಗ ಯಾರು ಹೋಗಿ ಬಗ್ಗಿ, ಆ ಎಮ್ಮೆ ಯಾರದಮ್ಮಾ ಎಂದು ಕೇಳಿದರೂ ಬಾವಿ ಆ ಇಬ್ಬರ ದನಿಯನ್ನೂ ತೆಗೆದು ಕೊಡುತ್ತದೆ. ಹೇಳುವುದು ಮೇಲೆ, ಕೇಳುವುದು ಕೆಳಗೆ. ಒಂದು ಬಾವಿಗೆ ಏನಾದರೂ ಆದರೆ ಇನ್ನೊಂದು ಇರಲಿ ಅಂತ ಹಿರಿಯರು ಎರಡು ಇಟ್ಟುಕೊಂಡಿದ್ದಾರೆ.

ನಾನು ತಗ್ಗಿನ ಬಾವಿಯಲ್ಲಿ ಕೇಳುವವನು. ಏಳುವ ಮಾತು ಸರಿಯಾಗಿ ಎದ್ದಿತೇ ಎಂದು ಕಿವಿಗೊಟ್ಟು ಕೂರುವುದೇ ನನ್ನ ಕೆಲಸ. ಊರಿನವರು ಕೇಳೋ ವರದಪ್ಪ ಅನ್ನುತ್ತಾರೆ. ಮಾತು ಕಡಿಮೆ. ನಮ್ಮಪ್ಪ ಕಾವ್ಯ ಓದುತ್ತಿದ್ದವರು. ಸಂಜೆ ದೀಪ ಹಚ್ಚಿ ಅವರು ರಾಗ ಎತ್ತಿದರೆ ನಾನು ಕಂಬಕ್ಕೆ ಒರಗಿ ಕೂತುಬಿಡುತ್ತಿದ್ದೆ. ಅರ್ಥವಾಗುವುದಕ್ಕೆ ಮೊದಲೇ ಪದ್ಯಗಳು ಮೈಗೆ ಹತ್ತಿದವು. ದೇವರು ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಅಪ್ಪನ ದನಿ, ಆಮೇಲೆ ಗುಡಿ.

ಮೇಲಿನ ಬಾವಿಯ ತಳದಲ್ಲಿ ಹೂಳು ಸೇರುತ್ತದೆ. ವರ್ಷಕ್ಕೊಮ್ಮೆ ಅದನ್ನು ತೆಗೆಯಬೇಕು. ಬಾಯಿಗೆ ಚಪ್ಪಡಿ ಎಳೆದು, ಮಗ್ಗುಲಲ್ಲಿರುವ ತೂಬನ್ನು ಕಿತ್ತು, ನೀರನ್ನೆಲ್ಲ ಕಲ್ಲು ಕೊರಕಲಿಗೆ ಬಿಟ್ಟು, ಆಮೇಲೆ ಆಳು ಇಳಿಯುತ್ತಾರೆ. ನೀರಿನ ಜೊತೆ ಅದರಲ್ಲಿದ್ದ ಮಾತೂ ಕೊರಕಲು ಸೇರಿ ಇಂಗಿಹೋಗುತ್ತದೆ. ಹೋದರೆ ಹೋಗಲಿ, ಎಲ್ಲ ಕೆಳಗಿದೆಯಲ್ಲ. ಈ ಕೆಲಸ ಹೇಗೆ ಮಾಡಬೇಕೆಂಬುದಕ್ಕೆ ನಮ್ಮಪ್ಪ ಒಂದು ಷಟ್ಪದಿ ಕಟ್ಟಿಕೊಟ್ಟಿದ್ದರು. ಅದನ್ನು ಕಟ್ಟೆಯ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಅಪ್ಪನ ಶಿಷ್ಯ ಶೇಷಗಿರಿಯಪ್ಪನವರು ಅದನ್ನು ಹಾಡುತ್ತಾರೆ, ಆಳುಗಳು ಹಾಡಿದಂತೆ ಮಾಡುತ್ತಾರೆ. ಮೊದಲರ್ಧ ಹೀಗಿದೆ:

ಕಲ್ಲ ಮುಚ್ಚಿರಿ ಮೇಲು ಬಾವಿಗೆ
ನಿಲ್ಲದೊಡನೆಯೆ ಕೆಳಗೆ ನಡೆಯಿರಿ
ಎಲ್ಲ ಮಾತನು ತಗ್ಗಿನೊರತೆಯು ಕೇಳಿ ಮುಗಿಸಿರಲು

ಶೇಷಗಿರಿಯಪ್ಪನವರು ಮೊದಲ ಸಾಲನ್ನು ಎತ್ತಿದರೆ ಹೂಳು ತೆಗೆಯುವ ಹೊಂಬಯ್ಯನ ಕಡೆಯ ಆಳುಗಳು ಹಗ್ಗಕ್ಕೆ ಕೈ ಹಾಕುತ್ತಾರೆ. ಸಾಲು ಮುಗಿಯುವುದರೊಳಗೆ ಚಪ್ಪಡಿ ಬಾಯಿಗೆ ಬಂದಿರುತ್ತದೆ. ಎರಡನೆಯ ಸಾಲಾದ ಮೇಲೆ ಶೇಷಗಿರಿಯಪ್ಪನವರು ಕಣ್ಣುಮುಚ್ಚಿ ಒಂದು ಉದ್ದದ ಆಲಾಪ ಮಾಡುತ್ತಾರೆ. ಆ ಆಲಾಪಕ್ಕೆಂದೇ ಪಕ್ಕದೂರಿನವರೂ ಬರುತ್ತಾರೆ. ಆಲಾಪ ಇಳಿಯುವ ಹೊತ್ತಿಗೆ ತೂಬು ಕಿತ್ತಾಗಿರುತ್ತದೆ, ಅರ್ಧ ಊರು ಎರಡನೆಯ ಸಾಲಿನ ಮಾತಿನಂತೆ ತಗ್ಗಿನ ಕಡೆ ಹೊರಟಿರುತ್ತದೆ. ಮೂರನೆಯ ಸಾಲು ಬಂದಾಗ ಉಳಿದವರು ಕೈಮುಗಿದು ನಿಂತಿರುತ್ತಾರೆ. ಅದನ್ನು ನಾವೆಲ್ಲ, ಮಾತೆಲ್ಲ ಕ್ಷೇಮವಾಗಿ ಕೆಳಗೆ ಸೇರಲಿ ಎಂಬ ಹರಕೆ ಅಂದುಕೊಂಡಿದ್ದೆವು. ನಾನೂ ಅಂದುಕೊಂಡಿದ್ದೆ. ಅಷ್ಟು ಚೆಂದದ ಸಾಲು ಇನ್ನೇನಾಗಿರಲು ಸಾಧ್ಯ?

ಹೂಳು ತೆಗೆದ ಮೇಲೆ ಒಂದೆರಡು ಮಾತು ಕಾಣೆಯಾಗುವುದು ಇದ್ದೇ ಇತ್ತು. ಬಾವಿ ಮರೀತು ಅನ್ನುತ್ತಿದ್ದರು. ಸರಿಯಾಗಿ ಬಗ್ಗಿ ಹೇಳಿಲ್ಲ, ಬಾಯಲ್ಲಿ ಎಲೆಯಡಿಕೆ ಇತ್ತು ಅಂತ ಹೇಳಿದವರನ್ನೇ ಬೈಯುತ್ತಿದ್ದರು. ಒಮ್ಮೆ ಗಾಣದವರ ಮನೆಯ ಮದುವೆಯೇ ಕಾಣೆಯಾಗಿ, ಗಂಡು ಹೆಣ್ಣು ಮತ್ತೆ ಹೋಗಿ ಹೇಳಿ ಬಂದರು. ಊರು ಎರಡನೇ ಸಲ ಊಟ ಮಾಡಿತು. ಹೀಗೆ ನಗುವಿನಲ್ಲೇ ಹೋಗುತ್ತಿತ್ತು. ಮಳೆ ನಿಂತ ಹೊಸತರಲ್ಲೇ ಹೂಳು ತೆಗೆಯುವ ರೂಢಿ. ಆಗ ಒರತೆ ತುಂಬಿ ಹರಿಯುತ್ತದೆ, ಮೇಲೆ ಹೇಳಿದ್ದು ಎಲೆಗೆ ಸುಣ್ಣ ಹಚ್ಚುವುದರೊಳಗೆ ಕೆಳಗೆ ಎದ್ದಿರುತ್ತದೆ. ಕಳೆಯುತ್ತಿದ್ದುದು ಕಡಿಮೆ. ಒಂದು ವರ್ಷ ಹೊಂಬಯ್ಯನ ಕಡೆಯವರು ಬೇರೆ ಊರಿನ ಕೆರೆಕೆಲಸಕ್ಕೆ ಹೋಗಿಬಿಟ್ಟು, ಅವರು ತಿರುಗಿ ಬಂದಾಗ ಬೇಸಿಗೆ ಕೂತಿತ್ತು. ಒರತೆ ದಾರದಷ್ಟು ಸಣ್ಣಗಾಗಿತ್ತು.

ಹೂಳು ತೆಗೆಯುವ ದಿನವೇ ಬೆಳಿಗ್ಗೆ ಉಪ್ಪಿನ ಗಾಡಿಗಳು ಊರು ಹಾದವು. ಗಾಡಿಯಲ್ಲಿ ಒಬ್ಬ ಮುದುಕ, ಅವನ ಮೊಮ್ಮಗಳು ನೀಲಿ. ಏಳೆಂಟು ವರ್ಷದ ಹುಡುಗಿ. ಹೆತ್ತವರಿಲ್ಲ. ಮುದುಕ ಕೆಮ್ಮಿದರೆ ಗಾಡಿಯೇ ಅಲುಗುತ್ತಿತ್ತು. ನಮ್ಮೂರ ಚೆಲುವಮ್ಮ ಹಪ್ಪಳ ಸಂಡಿಗೆ ಮಾಡಿ ಮಾರುವವಳು. ಅವನ ಹತ್ತಿರವೇ ಉಪ್ಪು ಕೊಳ್ಳುತ್ತಿದ್ದಳು. ಗಂಡ ತೀರಿದ ಮೇಲೆ ಒಬ್ಬಳೇ ಇದ್ದಳು. ಗಾಡಿ ಬಂದಾಗಲೆಲ್ಲ ಆ ಹುಡುಗಿಯ ತಲೆ ಬಾಚಿ ಕಳಿಸುತ್ತಿದ್ದಳು. ಈ ಸಲ ಮುದುಕನೇ ಬಾಯಿಬಿಟ್ಟು ಕೇಳಿದನಂತೆ, ಇಟ್ಕೋತೀಯಾ ಅಂತ. ಮೂವರೂ ದಿಬ್ಬ ಹತ್ತಿ ಬಾವಿಗೆ ಹೇಳಿ ಬಂದರು. ಮುದುಕ ಗಾಡಿ ಹತ್ತಿದ. ಉಪ್ಪಿನವರು ಹೋಗುವಾಗ ನಮ್ಮೂರ ಮೇಲೆ, ಬರುವಾಗ ಹೊಳೆಯಾಚೆ. ಮುದುಕನಂತೂ ಯಾವ ದಾರಿಯಲ್ಲೂ ಇನ್ನೊಮ್ಮೆ ಬರುವ ಹಾಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಚೆಲುವಮ್ಮ ನೀಲಿಯ ಕೈ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದಳು.

"ವರದಣ್ಣ, ನಮ್ ಮಾತು ಎದ್ದಾಗ ಒಂದು ಕೂಗು ಹಾಕ್ತೀಯಾ? ಇಲ್ಲೇ ಇರ್ತೀನಿ."

"ಹೂಳು ತೆಗೆಯೋದು ನೋಡಕ್ಕೆ ಹೋಗಲ್ವಾ?"

"ಆಲಾಪ ಮುಂದಿನ ವರ್ಷಾನೂ ಇರುತ್ತೆ. ನಂಗೆ ಇವತ್ತು ಇದಾಗ್ಬೇಕು."

ಅವಳ ಆತಂಕ ಸುಮ್ಮನೆ ಬಂದದ್ದಲ್ಲ. ಬಾವಿಗೆ ಗೊತ್ತಿಲ್ಲದ ಮಗುವನ್ನು ಊರು ಇಟ್ಟುಕೊಳ್ಳುವುದಿಲ್ಲ. ಮುಂದೆ ಯಾವ ಗಾಡಿ ಬರುತ್ತದೋ ಅದಕ್ಕೆ ಹತ್ತಿಸಿ ಕಳಿಸುತ್ತದೆ. ಕೊಟ್ಟವನ ದನಿ ಇಲ್ಲದೆ ತಗೊಂಡವಳ ದನಿ ಎಷ್ಟಿದ್ದರೂ ನಿಲ್ಲುವುದಿಲ್ಲ. ಎಮ್ಮೆಗೂ ಅದೇ, ಮಗುವಿಗೂ ಅದೇ.

ಪ್ರತಿವರ್ಷ ನಾನೂ ಮೇಲೆ ಹೋಗಿ ಪದ್ಯ ಕೇಳುತ್ತಿದ್ದೆ. ಅವಳು ಕೇಳಿಕೊಂಡಳೆಂದು ಆ ವರ್ಷ ಕೆಳಗೇ ಉಳಿದೆ. ಬಾವಿಯಲ್ಲಿ ಆಗ ಹಿಂದಿನ ದಿನದ ಮಾತುಗಳು ಏಳುತ್ತಿದ್ದವು. ಯಾರದೋ ಒರಳುಕಲ್ಲು, ಇನ್ಯಾರದೋ ಗದ್ದೆಯ ಬದು. ನೀಲಿ ಕಟ್ಟೆಯ ಮೇಲೆ ಮಂಡಿ ಹಿಡಿದು ಕೂತಿದ್ದಳು. ಬಂದಾಗಿನಿಂದ ಅವಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಗಾಣದ ಚನ್ನಬಸಯ್ಯನ ದನಿ ಎದ್ದಿತು. "ಎಡಗಡೆ ಕಟ್ಟೋ ಎತ್ತನ್ನ ನಮ್ಮಣ್ಣನ ಮಗಂಗೆ" ಅಂದಿತು. ಅಷ್ಟಕ್ಕೇ ನಿಂತಿತು.

ಕಾದೆ. ಮುಂದಿನ ಪದ ಬರಲಿಲ್ಲ. ಬಾವಿ ಮಾತಿನ ನಡುವೆ ನಿಂತದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅದೇ ಹೊತ್ತಿಗೆ ದಿಬ್ಬದ ಮೇಲಿನಿಂದ ಗಾಳಿಯಲ್ಲಿ ತೇಲಿ ಬಂತು: ಕಲ್ಲ ಮುಚ್ಚಿರಿ ಮೇಲು ಬಾವಿಗೆ.

ಆ ಸಾಲನ್ನು ನೂರು ಸಲ ಕೇಳಿದ್ದೇನೆ. ನನ್ನ ಮುಂದೆ ಮೌನವಾದ ಬಾವಿಯನ್ನು ಇಟ್ಟುಕೊಂಡು ಎಂದೂ ಕೇಳಿರಲಿಲ್ಲ. ಮೇಲೆ ಕಲ್ಲು ಬಿದ್ದಿದೆ, ಅದಕ್ಕೇ ಇಲ್ಲಿ ಮಾತು ನಿಂತಿದೆ. ಚನ್ನಬಸಯ್ಯನ ಎತ್ತು ಅರ್ಧ ಅಲ್ಲಿದೆ, ಅರ್ಧ ಇಲ್ಲಿದೆ. ಅವನ ಹಿಂದೆ ಇರುವುದೆಲ್ಲ ಇನ್ನೂ ಅಲ್ಲೇ ಇದೆ, ಮುದುಕನ ಮಾತೂ. ಮುಂದಿನ ಸಾಲು ಬಂತು, ನಿಲ್ಲದೊಡನೆಯೆ ಕೆಳಗೆ ನಡೆಯಿರಿ. ಮೂರನೆಯ ಸಾಲು ನನ್ನ ಬಾಯಿಗೆ ತಾನಾಗಿ ಬಂತು. ರಾಗವಿಲ್ಲದೆ, ಬರಿಯ ಮಾತಾಗಿ ಬಂತು. ಕೈಮುಗಿಯಬೇಕು ಅನ್ನಿಸಲಿಲ್ಲ. ಅಪ್ಪ ಹರಸಿರಲಿಲ್ಲ, ಎಚ್ಚರಿಸಿದ್ದರು. ಕಲ್ಲು ಮುಚ್ಚುವುದಕ್ಕೆ ಮೊದಲು ನೋಡಿಕೊಳ್ಳಬೇಕಾದದ್ದನ್ನು ಮುಚ್ಚಿರಿ ಎಂದ ಮೇಲೆ ಇಟ್ಟಿದ್ದರು.

ನಾನು ಓಡಿದೆ. ಎದುರಿಗೆ ಇಳಿದು ಬರುತ್ತಿದ್ದವರು ದಾರಿ ಬಿಡಲಿಲ್ಲ; ಕೇಳೋ ವರದಪ್ಪ ಓಡುವುದನ್ನು ಕಂಡು ನಿಂತು ನೋಡಿದರು. ಮೇಲೆ ಶೇಷಗಿರಿಯಪ್ಪನವರ ಆಲಾಪ ಏರುತ್ತಿತ್ತು. ಓದುವಾಗ ನಡುವೆ ಬಾಯಿ ಹಾಕಬಾರದು ಎಂದು ನನಗೆ ಅಪ್ಪ ಕಲಿಸಿದ್ದರು. ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದೆವು. ದಿಬ್ಬದ ತುದಿಗೆ ಬಂದಾಗ ಹೊಂಬಯ್ಯ ತೂಬಿನ ಗೂಟಕ್ಕೆ ಹಾರೆ ಸಿಕ್ಕಿಸಿ ನಿಂತಿದ್ದ.

"ನಿಲ್ಲಿಸಿ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಹೊಂಬಯ್ಯ, ಹಾರೆ ಬಿಡು."

ಆಲಾಪ ಕಡಿದುಬಿತ್ತು. ಇಡೀ ದಿಬ್ಬ ನನ್ನ ಕಡೆ ತಿರುಗಿತು.

ಶೇಷಗಿರಿಯಪ್ಪನವರು ನಿಧಾನವಾಗಿ ಕಣ್ಣು ಬಿಟ್ಟರು. "ನಿಮ್ಮಪ್ಪನ ಪದ್ಯ ಕಣೋ ಅದು. ಇಷ್ಟು ವರ್ಷದಲ್ಲಿ ಒಬ್ಬರೂ ತುಂಡು ಮಾಡಿರಲಿಲ್ಲ. ನೀನು ಮಾಡಿದೆ."

"ತಪ್ಪಾಯಿತು. ಮೊದಲು ಚಪ್ಪಡಿ ತೆಗೆಸಿ. ಕೆಳಗೆ ಮಾತು ಅರ್ಧದಲ್ಲಿ ನಿಂತಿದೆ. ಉಪ್ಪಿನ ತಾತ ಕೊಟ್ಟ ಮಾತು ಇನ್ನೂ ಇದರಲ್ಲೇ ಇದೆ. ನೀರು ಬಿಟ್ಟರೆ ಆ ಮಗುವಿಗೆ ಊರಿಲ್ಲ."

"ಪದ್ಯದಲ್ಲಿ ಹೇಳಿದ ಹಾಗೇ ತಾನೇ ಮಾಡ್ತಿರೋದು?" ಅಂದ ಹೊಂಬಯ್ಯ. ಅವನ ಕೈ ಇನ್ನೂ ಹಾರೆಯ ಮೇಲೇ ಇತ್ತು.

"ಯಪ್ಪಾ," ಅಂದೆ ಶೇಷಗಿರಿಯಪ್ಪನವರಿಗೆ, "ಮೂರನೇ ಸಾಲನ್ನ ಒಂದು ಸಲ ರಾಗ ಇಲ್ಲದೆ ಹೇಳಿ."

ಅವರಿಗೆ ಅದು ಅಂಗಿ ಬಿಚ್ಚು ಅಂದಂತೆ ಆಗಿರಬೇಕು. ಆದರೂ ಹೇಳಿದರು. "ಎಲ್ಲ ಮಾತನು. ತಗ್ಗಿನ ಒರತೆಯು. ಕೇಳಿ ಮುಗಿಸಿರಲು." ಹೇಳಿ, ತಾವೇ ಕೇಳಿಸಿಕೊಂಡು, ಕಟ್ಟೆಯ ಮೇಲೆ ಕೂತುಬಿಟ್ಟರು.

"ಇದು ಹರಕೆ ಅಲ್ವಾ?" ಅಂದ ಹೊಂಬಯ್ಯ.

"ಅಲ್ಲಪ್ಪ," ಅಂದರು ಅವರು. "ಕೇಳಿ ಮುಗಿಸಿದ್ದರೆ ಮಾತ್ರ ಮುಚ್ಚಿ ಅಂತ."

"ಮತ್ತೆ ಅದನ್ನ ಮೊದ್ಲು ಹೇಳ್ಬೇಕಲ್ವಾ ಸ್ವಾಮಿ. ಮುಚ್ಚಿರಿ ಅಂದ್ರೆ ನಾವು ಮುಚ್ತೀವಿ. ಮುಂದೆ ಇನ್ನೇನೋ ಬರುತ್ತೆ ಅಂತ ಹಗ್ಗ ಹಿಡ್ಕೊಂಡು ನಿಂತಿರಕ್ಕಾಗುತ್ತಾ, ಅದೂ ಆ ಆಲಾಪ ಮುಗಿಯೋವರೆಗೂ?"

ಯಾರೋ ನಕ್ಕರು. ಶೇಷಗಿರಿಯಪ್ಪನವರೂ ನಗಬೇಕೋ ಬೇಡವೋ ಎಂದು ಮೀಸೆ ತಡವಿದರು. ಚಪ್ಪಡಿ ಸರಿಸಿದರು. ಬಾವಿಯಿಂದ ತಣ್ಣನೆಯ ಗಾಳಿ ಎದ್ದಿತು. ನನಗೂ ಅವರಿಗೂ ಒಂದೇ ಯೋಚನೆ ಬಂದಿತ್ತು: ಆ ಸಾಲನ್ನೇ ಎತ್ತಿ ಮೊದಲಿಗೆ ಇಟ್ಟರೆ? ಇಬ್ಬರೂ ಬೆರಳು ಮಡಿಸಿ ಮಾತ್ರೆ ಎಣಿಸಿ ನೋಡಿದೆವು. ಆಗುವುದಿಲ್ಲ. ಷಟ್ಪದಿಯ ಮೊದಲರ್ಧದಲ್ಲಿ ಉದ್ದದ ಸಾಲು ಮೂರನೆಯದೇ ಆಗಬೇಕು. ಅಷ್ಟು ಮಾತು ಹಿಡಿಸುವ ಜಾಗ ಅಪ್ಪನಿಗೆ ಅಲ್ಲೇ ಸಿಕ್ಕಿದ್ದು. ಎಚ್ಚರಿಕೆ ದೊಡ್ಡದಾದದ್ದಕ್ಕೇ ಹಿಂದಕ್ಕೆ ಹೋಗಿತ್ತು.

"ಬರೀ ಮಾತಿನಲ್ಲಿ ಹೇಳೋಣ" ಅಂದೆ. "ತಗ್ಗಿನ ಬಾವಿ ಎಲ್ಲ ಕೇಳಿ ಮುಗಿಸಿದ ಮೇಲೆ ಚಪ್ಪಡಿ ಎಳೆಯಿರಿ. ಇಷ್ಟೇ."

ನನಗೆ ಅದು ತಿಳಿನೀರಿನಷ್ಟು ತಿಳಿಯಾಗಿ ಕಂಡಿತ್ತು. ಹೊಂಬಯ್ಯ ತಲೆ ಕೆರೆದುಕೊಂಡ. "ಎಲ್ಲಾ ಅಂದ್ರೆ ಎಷ್ಟು? ನಾನು ಇಲ್ಲಿರ್ತೀನಿ, ಬಾವಿ ಅಲ್ಲಿರುತ್ತೆ. ಮುಗೀತು ಅಂತ ನಂಗೆ ಹೇಳೋರು ಯಾರು?"

"ನಾನಿರುತ್ತೇನಲ್ಲ."

"ನಿಂಗಾದ್ರೂ ಹೆಂಗೆ ಗೊತ್ತಾಗುತ್ತೆ ವರದಪ್ಪ? ಬಾವಿ ಸುಮ್ಕಾಯ್ತು ಅಂದ್ರೆ ಮುಗೀತು ಅಂತಾನೋ, ಒರತೆ ಸಣ್ಣಕೈತೆ ಅಂತಾನೋ?"

ಇಷ್ಟು ವರ್ಷ ಕೂತು ಕೇಳಿದವನು ನಾನು. ಕೇಳುವುದು ಯಾವಾಗ ಮುಗಿಯುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ಅಷ್ಟರಲ್ಲಿ ಚೆಲುವಮ್ಮ ಏದುಸಿರು ಬಿಡುತ್ತಾ ಮೇಲೆ ಬಂದಿದ್ದಳು. ನೀಲಿ ಅವಳ ಸೆರಗು ಹಿಡಿದಿದ್ದಳು. ನಾವು ವಾದ ಮಾಡುತ್ತಿದ್ದುದನ್ನು ಸ್ವಲ್ಪ ಹೊತ್ತು ಕೇಳಿ ಅವಳಿಗೆ ಸಹನೆ ತಪ್ಪಿತು.

"ಹಪ್ಪಳ ಹಾಕಿದ ಮೇಲೆ ಒಣಗಿತಾ ಅಂತ ಒಂದೊಂದೂ ಮುಟ್ಟಿ ನೋಡ್ತೀವಾ? ಕಟ್ಟಕಡೇಲಿ ಹಾಕಿದ್ದನ್ನ ಮುಟ್ಟಿದ್ರೆ ಆಯ್ತು. ಅದು ಒಣಗಿದ್ರೆ ಎಲ್ಲಾ ಒಣಗಿರುತ್ತೆ. ಬಾವಿಗೂ ಕಟ್ಟಕಡೇಲಿ ಏನಾದ್ರೂ ಒಂದು ಹೇಳಿ. ಅದು ಕೆಳಗೆ ಎದ್ರೆ ಅದಕ್ಕಿಂತ ಮುಂಚಿನದೆಲ್ಲ ಎದ್ದಿರುತ್ತೆ. ಸಾಲು ತಪ್ಪಲ್ಲ ಅಂತ ನೀವೇ ಅಲ್ವಾ ಹೇಳೋದು?"

ಶೇಷಗಿರಿಯಪ್ಪನವರು ಎದ್ದು ಶಲ್ಯ ಸರಿಮಾಡಿಕೊಂಡರು. "ಕಟ್ಟಕಡೇಲಿ ಹೇಳೋದು ಬೇರೆ ಯಾರೂ ಹೇಳದೇ ಇರೋ ಮಾತಾಗಿರಬೇಕು. ಎತ್ತು ಎಮ್ಮೆ ಅಂದರೆ ಗುರುತು ಸಿಗಲ್ಲ." ಆಮೇಲೆ ಕಲ್ಲಿನ ಮೇಲೆ ಕೆತ್ತಿದ್ದನ್ನು ನೋಡಿದರು. "ಇದನ್ನೇ ಹಾಡ್ತೀನಿ. ಇಲ್ಲಿ ನಿಂತಿರೋರಿಗಲ್ಲ, ಬಾವಿಗೆ."

ಪದ್ಯ ಕೆಳಗೆ ಎದ್ದು ಮುಗಿದಾಗ ನಾನು ತಗ್ಗಿನಿಂದ ಪಂಚೆ ಬೀಸಿ ತಿಳಿಸುವುದೆಂದಾಯಿತು. ಒಲೆಯ ಇದ್ದಿಲು ತರಿಸಿ ಚಪ್ಪಡಿಯ ಮೈಮೇಲೆ ಬರೆದೆವು. ಬರೆದದ್ದನ್ನು ಪ್ರತಿ ಸಲ ಹೊಂಬಯ್ಯನಿಗೆ ಓದಿ ಹೇಳುವುದು, ಅವನ ಕೈ ಎತ್ತ ಹೋಗುತ್ತದೆ ಎಂದು ನೋಡುವುದು. ಪಂಚೆ ಕಾಣುವವರೆಗೆ ಮುಟ್ಟಬೇಡಿ ಎಂಬುದನ್ನು ನಾನು ಕೊನೆಗೆ ಬರೆದಿದ್ದೆ. ಅದನ್ನು ಓದುವುದರೊಳಗೆ ಅವನು ಹಗ್ಗದ ಹತ್ತಿರ ಹೋಗಿ ನಿಂತಿದ್ದ. "ನೋಡಿ, ಮತ್ತೆ ಅದೇ," ಅಂದ. "ನಮ್ ಕೈ ಕಿವಿಗಿಂತ ಮುಂಚೆ ಓಡುತ್ತೆ. ಬೇಡ ಅನ್ನೋದನ್ನ ಮೊದ್ಲು ಹಾಕಿ." ಅಳಿಸಿ ಮತ್ತೆ ಬರೆದೆವು. ಕೊನೆಗೆ ಉಳಿದದ್ದು ಇದು: ತಗ್ಗಿನಿಂದ ಬಿಳಿ ಪಂಚೆ ಬೀಸುವುದು ಕಾಣುವವರೆಗೆ ಚಪ್ಪಡಿಯನ್ನೂ ತೂಬನ್ನೂ ಯಾರೂ ಮುಟ್ಟಬಾರದು. ಮೊದಲು ಬಾವಿಯ ಸುತ್ತ ಹಗ್ಗ ಕಟ್ಟಿ, ಇನ್ನು ಯಾರೂ ಬಾವಿಗೆ ಏನೂ ಹೇಳದಂತೆ ನೋಡಿಕೊಳ್ಳಿ. ಆಮೇಲೆ ಗಮಕಿ ಈ ಪದ್ಯವನ್ನು ಬಾವಿಗೆ ಪೂರ್ತಿ ಹಾಡಲಿ. ಕೇಳುವವನು ತಗ್ಗಿನ ಬಾವಿಯ ಹತ್ತಿರ ಕೂತಿರಲಿ. ಪದ್ಯದ ಕೊನೆಯ ಪದ ಅಲ್ಲಿ ಎದ್ದ ಮೇಲೆ ಅವನು ಪಂಚೆ ಬೀಸಲಿ. ಪಂಚೆ ಕಂಡ ಮೇಲೆ ಚಪ್ಪಡಿ ಎಳೆಯಿರಿ, ಆಮೇಲೆ ತೂಬು ಕೀಳಿ.

ಅದರಲ್ಲಿ ಪ್ರಾಸವಿರಲಿಲ್ಲ, ಲಯವಿರಲಿಲ್ಲ. ಅಪ್ಪ ಓದಿದ್ದರೆ ಇದನ್ನು ಬರೆದವನು ನನ್ನ ಮಗನೇ ಎಂದು ಕೇಳುತ್ತಿದ್ದರೇನೋ. ಆದರೂ ಹೊಂಬಯ್ಯ ಅದನ್ನು ಕೇಳಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಗ್ಗಿನ ಕಡೆ ಮುಖ ಮಾಡಿ ನಿಂತ. ಅವನು ಹಾಗೆ ನಿಂತದ್ದನ್ನು ನೋಡಿ ನನಗೆ, ಒಳ್ಳೆಯ ಓದು ಕೇಳಿ ಮುಗಿದಾಗ ಆಗುತ್ತಿದ್ದ ಸಮಾಧಾನವೇ ಆಯಿತು.

ಶೇಷಗಿರಿಯಪ್ಪನವರು ಕಟ್ಟೆಗೆ ಎದೆಯಾನಿಸಿ ಬಗ್ಗಿ, ಬಾವಿಯೊಳಗೆ ಮುಖವಿಟ್ಟು ಹಾಡತೊಡಗಿದರು. ನಾನು, ಚೆಲುವಮ್ಮ, ನೀಲಿ ಇಳಿದು ಬಂದು ತಗ್ಗಿನ ಬಾವಿಯ ಹತ್ತಿರ ಕೂತೆವು. ಬಾವಿ ಸುಮ್ಮನಿತ್ತು. ಒಮ್ಮೆ ಬಾಯಿ ಮುಚ್ಚಿಸಿಕೊಂಡ ಬಾವಿ ಮತ್ತೆ ಮಾತಾಡುತ್ತದೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಹಾಗೆ ಮಾಡಿ ನೋಡಿರಲಿಲ್ಲ. ಚೆಲುವಮ್ಮ ತುಟಿ ಕಚ್ಚಿಕೊಂಡು ನೀರನ್ನೇ ನೋಡುತ್ತಿದ್ದಳು. ನೆರಳು ನಮ್ಮ ಕಾಲಿನಿಂದ ಸರಿದು ಕಟ್ಟೆಯ ಆಚೆ ಬದಿಗೆ ಹೋಯಿತು. ಅವಳು ಒಂದು ಸಲ, "ಹೋಯ್ತೇನೋ ವರದಣ್ಣ" ಅಂದಳು. ನಾನು ಕೈ ಎತ್ತಿ ತಡೆದೆ. ಎಲ್ಲೋ ಬಹಳ ಕೆಳಗೆ ಹನಿಯಂಥ ಸದ್ದು.

"ಕೊಟ್ಟಿದೀನಿ" ಅಂದಿತು ಚನ್ನಬಸಯ್ಯನ ದನಿ.

ಅಲ್ಲಿಂದ ಒಂದೊಂದಾಗಿ ಬಂದವು. ಎತ್ತು ತಗೊಂಡವನು. ಬೇಲಿ ಸರಿಸಿದವನು. ಜಗಳ ಬಿಟ್ಟೆವು ಎಂದು ಹೇಳಿದ ಇಬ್ಬರು ವಾರಗಿತ್ತಿಯರು, ಹೇಳುವಾಗಲೂ ಒಬ್ಬರ ಮಾತಿನ ಮೇಲೆ ಒಬ್ಬರು. ನಡುವೆ ನಡುವೆ ಉದ್ದನೆಯ ಮೌನ. ಆಮೇಲೆ ಕೆಮ್ಮು. ಚೆಲುವಮ್ಮ ನನ್ನ ಮೊಣಕೈ ಹಿಡಿದುಕೊಂಡಳು. ಕೆಮ್ಮು ಮುಗಿಯಲು ಹೊತ್ತಾಯಿತು. ಮೇಲೆ ಆಗಿದ್ದಷ್ಟೇ ಹೊತ್ತು ಕೆಳಗೂ ಆಯಿತು.

"ನನ್ ಮಗಳ ಮಗಳು ನೀಲಿ," ಅಂದ ಮುದುಕ. "ಇವ್ಳನ್ನ ಚೆಲುವಮ್ಮಂಗೆ ಕೊಟ್ಟಿದೀನಿ. ಉಪ್ಪು ಹೊರೋದು ನನ್ ತಲೆಗೇ ಮುಗೀಲಿ."

"ತಗೊಂಡಿದೀನಿ" ಅಂದಿತು ಚೆಲುವಮ್ಮನ ದನಿ. ನನ್ನ ಪಕ್ಕದಲ್ಲಿ ಕೂತಿದ್ದ ಚೆಲುವಮ್ಮ ಮುಖ ಮುಚ್ಚಿಕೊಂಡಳು.

ಇಷ್ಟಕ್ಕೆ ಮುಗಿಯಬೇಕಿತ್ತು. ಕೊಟ್ಟವನ ಮಾತು, ತಗೊಂಡವಳ ಮಾತು, ನಮ್ಮ ಬಾವಿ ಕೇಳುವುದು ಈ ಎರಡನ್ನೇ. ನಾನು ಪದ್ಯಕ್ಕೆ ಕಿವಿ ಇಟ್ಟೆ. ಪದ್ಯ ಬರಲಿಲ್ಲ. ಬದಲಿಗೆ ಇನ್ನೊಂದು ದನಿ ಬಂತು, ನಾನು ಎಂದೂ ಕೇಳಿರದ ದನಿ, ಬಾಯಿಗೆ ಕೈ ಅಡ್ಡ ಇಟ್ಟು ಗುಟ್ಟಾಗಿ ಹೇಳಿದಂಥದ್ದು. ದೊಡ್ಡವರು ಕಟ್ಟೆಯಿಂದ ತಿರುಗಿ ನಡೆಯುತ್ತಿದ್ದಾಗ ಹಿಂದೆ ಉಳಿದು ಹೇಳಿರಬೇಕು.

"ಅವ್ವ ಅನ್ಬೋದಾ?"

ಮೇಲಿನ ಬಾವಿಗೆ ಅಲ್ಲಿಯವರೆಗೆ ಯಾರೂ ಪ್ರಶ್ನೆ ಹಾಕಿರಲಿಲ್ಲ. ಮೇಲೆ ಹೇಳುವುದು, ಕೆಳಗೆ ಕೇಳುವುದು ಎಂದು ಅವಳಿಗೆ ಯಾರೂ ತಿಳಿಸಿರಲಿಲ್ಲವಲ್ಲ. ನೀಲಿ ಕಿವಿಯವರೆಗೂ ಕೆಂಪಾಗಿ ಮಂಡಿಯಲ್ಲಿ ಮುಖ ಹುದುಗಿಸಿದಳು. ಚೆಲುವಮ್ಮ ಬಾವಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಆ ಹುಡುಗಿಯ ತಲೆಯನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡು, ಸಿಕ್ಕು ಬಿಡಿಸಲು ಶುರುಮಾಡಿದಳು. "ಬೆಳಿಗ್ಗೆಯಿಂದ ಇದನ್ನ ಹೊಟ್ಟೇಲಿಟ್ಕೊಂಡು ಕೂತಿದ್ಯಾ?" ಅಂದಳು. "ಅನ್ನು. ಅಂದು ನೋಡು."

ನೀಲಿ ಅಂದಳು. ಬಹಳ ಮೆಲ್ಲಗೆ ಅಂದಳು. ಆಮೇಲೆ ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ.

ಅಷ್ಟರಲ್ಲಿ ಬಾವಿಯಲ್ಲಿ ಪದ್ಯ ಏಳತೊಡಗಿತ್ತು. ನಾನು ಸೊಂಟಕ್ಕೆ ಬಿಗಿದಿದ್ದ ಮೇಲುಪಂಚೆ ಬಿಚ್ಚಿ ಕೈಯಲ್ಲಿ ಹಿಡಿದು, ದಿಬ್ಬದ ಮೇಲೆ ಕೈ ಕಟ್ಟಿ ನಿಂತವರನ್ನು ನೋಡುತ್ತಾ, ಕೊನೆಯ ಪದಕ್ಕೆ ಕಾದೆ.